ಹುಟ್ಟದೆ ಸತ್ತ ನೆದಾ ಚಿಕ್ಕಮ್ಮ

ನೆದಾ ಚಿಕ್ಕಮ್ಮನಿಗೆ ಅರವತ್ತೆಂಟು ವರ್ಷ, ಮಂಡಿನೋವು, ಎರಡು ಬೆಕ್ಕು. ಗಂಡ ತೀರಿಕೊಂಡಿದ್ದ. ಇಷ್ಟನ್ನೂ ಅವಳಿಗೆ ದಯಪಾಲಿಸಿದವನು ನಮ್ಮ ಕಟ್ಟಡದ ಏಳನೇ ಮಹಡಿಯ ನಾಯ್ದೆನ್. ಅವನಿಗೆ ಬೆಕ್ಕು ಇರಲಿಲ್ಲ. ಹೆಂಡತಿ ಇದ್ದಳು, ವಾರ್ನಾದಲ್ಲಿ, ಬೇರೆಯವನ ಜೊತೆ.

ನಮ್ಮೂರು ಪೆರ್ನಿಕ್‌ನಲ್ಲಿ ಕಲ್ಲಿದ್ದಲು ಗಣಿಗಳು ಮುಚ್ಚಿದ ಮೇಲೆ ಲಾಭದಲ್ಲಿ ನಡೆದದ್ದು ಎರಡೇ ವ್ಯಾಪಾರ, ಜೂಜು ಮತ್ತು ಸಾವು. ನಾಯ್ದೆನ್ ಎರಡರಲ್ಲೂ ದುಡಿದ. ಮೊದಲು ಆಸ್ಪತ್ರೆ ಎದುರಿನ ಅಂಗಡಿಯಲ್ಲಿ ಹನ್ನೊಂದು ವರ್ಷ ಸಾವಿನ ಚೀಟಿ ಅಚ್ಚು ಹಾಕಿದ. ನಮ್ಮಲ್ಲಿ ಯಾರೇ ಸತ್ತರೂ ಫೋಟೊ ಹಾಕಿದ ಚೀಟಿ ಅಚ್ಚಾಗಿ ಮನೆಬಾಗಿಲಿಗೆ, ಬಸ್ ನಿಲ್ದಾಣಕ್ಕೆ, ಕಂಬಕ್ಕೆ, ಮರಕ್ಕೆ ಅಂಟಬೇಕು. ಇಂಥವರು ತೀರಿಕೊಂಡರು, ಇಂಥ ದಿನ ಇಷ್ಟು ಗಂಟೆಗೆ ಇಂಥ ಸ್ಮಶಾನದಲ್ಲಿ ಮಣ್ಣು ಅಂತ. ಅಂಗಡಿಯವನೇ ಸತ್ತಾಗ ಅವನ ಚೀಟಿಯನ್ನೂ ಅಚ್ಚು ಹಾಕಿ ನಾಯ್ದೆನ್ ಬಾಗಿಲು ಎಳೆದುಕೊಂಡು ಮನೆಗೆ ಬಂದ. ಆಮೇಲೆ ಹಿಡಿದದ್ದು ಕಂಪ್ಯೂಟರು.

ಕೆಲಸ ಇಷ್ಟೇ. ಆನ್‌ಲೈನ್ ಕ್ಯಾಸಿನೊಗಳಲ್ಲಿ ಯಾವುದು ಒಳ್ಳೆಯದು, ಯಾವುದು ಗೆದ್ದ ದುಡ್ಡನ್ನು ಸತಾಯಿಸದೆ ಕೊಡುತ್ತದೆ ಎಂದು ಜಾಲತಾಣದಲ್ಲಿ ಬರೆಯುವುದು. ಓದಿದವರು ಅಲ್ಲಿಯ ಕೊಂಡಿ ಒತ್ತಿ ಹೋಗಿ ಆಡಿದರೆ, ಅವರು ಸೋತ ಪ್ರತಿ ನೂರು ಲೆವದಲ್ಲಿ ಮೂವತ್ತು ಇವನಿಗೆ. ಒಂದು ಸಲವಲ್ಲ, ಅವರು ಆಡುವಷ್ಟು ಕಾಲವೂ. ಐವತ್ತು ದಾಟಿದ ಗಂಡಸು ಬರೆದದ್ದನ್ನು ಯಾರೂ ಓದಲಿಲ್ಲ. ಆಗ ಅವನು ನೆದಾ ಚಿಕ್ಕಮ್ಮನನ್ನು ಮಾಡಿದ. ಸತ್ತುಹೋದ ತನ್ನ ಅಜ್ಜಿಯ ಫೋಟೊ ಹಚ್ಚಿದ. "ಮಕ್ಕಳೇ, ನಿನ್ನೆ ಸಂಜೆ ಬಿಸಿನೀರಲ್ಲಿ ಕಾಲಿಟ್ಟುಕೊಂಡು ಈ ಯಂತ್ರ ತಿರುಗಿಸಿ ನೋಡಿದೆ" ಎಂದು ಶುರು ಮಾಡಿದ. ಜನ ಮುಗಿಬಿದ್ದರು.

ಅವರು ಬರೀ ಓದಲಿಲ್ಲ, ಬರೆಯತೊಡಗಿದರು. ಸೊಸೆಯ ಜಗಳ, ಪಿತ್ತಕೋಶದ ಕಲ್ಲು, ಪಿಂಚಣಿ ಇಳಿದದ್ದು. ನಾಯ್ದೆನ್ ಬೆಳಗಿನಿಂದ ಸಂಜೆವರೆಗೆ ಚಿಕ್ಕಮ್ಮನಾಗಿ ಉತ್ತರ ಬರೆಯುತ್ತಿದ್ದ. ಕಟ್ಟಡದಲ್ಲಿ ಅವನನ್ನು ಮಾತಾಡಿಸುವವರು ಯಾರೂ ಇರಲಿಲ್ಲ. ನಾನು ಮಾತ್ರ, ಅದೂ ಬೈಯಲಿಕ್ಕೆ.

ಯಾಕೆಂದರೆ ಜೂಜಿನ ಜಾಹೀರಾತು ನಿಲ್ಲಿಸಿ ಎಂದು ಚೌಕದಲ್ಲಿ ಗಂಟಲು ಹರಿದುಕೊಂಡವರಲ್ಲಿ ನಾನೂ ಒಬ್ಬಳು. ಆ ವರ್ಷ ಮೇ ತಿಂಗಳಲ್ಲಿ ಕಾನೂನು ಬಂತು. ಟಿವಿ, ಪತ್ರಿಕೆ, ಜಾಲತಾಣ, ಎಲ್ಲೂ ಜಾಹೀರಾತು ಕೂಡದು. ಜೂನ್ ಮೊದಲ ವಾರ ಲಿಫ್ಟಿನಲ್ಲಿ ಸಿಕ್ಕ.

"ಪೆನಾ ಅಕ್ಕಾ, ಖುಷಿಯಾಯ್ತಾ?"

"ಆಯ್ತು. ಯಾಕೆ ಆಗ್ಬಾರ್ದು?"

"ನನ್ನ ಹೊಟ್ಟೆ ಮೇಲೆ ಹೊಡೆದ್ರಲ್ಲ."

"ನಿನ್ನ ಹೊಟ್ಟೆ ಎಷ್ಟು ಜನರ ಹೊಟ್ಟೆ ಮೇಲೆ ಕೂತಿತ್ತು, ಅದನ್ನ ಮೊದ್ಲು ಹೇಳು."

ಅವನಿಗೆ ನಗು ಬಂತು. "ಬಾ, ಕಾಫಿ ಮಾಡ್ತೀನಿ. ಬೈಯೋದನ್ನ ಕೂತ್ಕೊಂಡೇ ಬೈ."

ಮನೆಯಲ್ಲಿ ಕಂಪ್ಯೂಟರ್ ಪರದೆ ತೋರಿಸಿದ. ಹೆಸರಿಲ್ಲ, ಬರೀ ಸಂಖ್ಯೆಗಳು. ಒಂದೊಂದು ಸಂಖ್ಯೆಯೂ ಒಬ್ಬ ಆಟಗಾರ. ತೆರಿಗೆ ಕಚೇರಿಯಲ್ಲಿ ಒಂದು ರಿಜಿಸ್ಟರ್ ಇದೆ. ನನ್ನನ್ನು ಆಡಲು ಬಿಡಬೇಡಿ ಎಂದು ತಾವೇ ಹೋಗಿ ಹೆಸರು ಬರೆಸಿದವರನ್ನು ಯಾವ ಕ್ಯಾಸಿನೊವೂ ಒಳಗೆ ಬಿಡುವಂತಿಲ್ಲ. ಹಾಗೆ ಬರೆಸಿದವರ ಸಂಖ್ಯೆ ಇವನ ಪರದೆಯಲ್ಲಿ ಬೂದು ಬಣ್ಣಕ್ಕೆ ತಿರುಗುತ್ತದೆ. ಮೊದಲಿನಿಂದಲೂ ಆಗೊಂದು ಈಗೊಂದು ತಿರುಗುತ್ತಿತ್ತು. ಈಗ ಹಳಬರು ಉದುರುತ್ತಿದ್ದರು, ಹೊಸಬರು ಬರುವ ದಾರಿ ಕಾನೂನಿನಿಂದ ಕಟ್ಟಿಹೋಗಿತ್ತು. ತಿಂಗಳಿಗೆ ನಾಲ್ಕು ಸಾವಿರ ಲೆವ ಬರುತ್ತಿದ್ದ ಕಡೆ ಐನೂರ ಹತ್ತಕ್ಕೆ ಇಳಿದಿತ್ತು.

ನಾನು ಅಲ್ಲಿರುವಾಗಲೇ ಫೋನ್ ಬಂತು. ಇವನಿಗೆ ಪಾಲು ಕೊಡುವ, ಯಾವುದೋ ದ್ವೀಪದಲ್ಲಿರುವ ಕ್ಯಾಸಿನೊ ಕಂಪನಿಯ ಹುಡುಗ ಕಾಲೊಯಾನ್, ನಮ್ಮ ದೇಶದವನೇ. ನಾಯ್ದೆನ್ ಸ್ಪೀಕರ್ ಹಾಕಿದ.

"ನಾಯ್ದೆನ್ ಅಣ್ಣಾ, ತಲೆ ಕೆಡಿಸ್ಕೋಬೇಡ. ಹೊರದೇಶದಲ್ಲಿ ಹೊಸ ಸೈಟ್ ತೆಗೀತಿದೀವಿ. ಲೈಸೆನ್ಸ್ ಇಲ್ಲ, ರಿಜಿಸ್ಟರ್ ಗಿಜಿಸ್ಟರ್ ಏನೂ ಇಲ್ಲ. ಬೂದು ಆದೋರೆಲ್ಲ ಮತ್ತೆ ಬರ್ತಾರೆ. ಚಿಕ್ಕಮ್ಮ ಒಂದು ಕಾಗದ ಬರೀಲಿ ಸಾಕು. ನೂರಕ್ಕೆ ಐವತ್ತು ನಿಂಗೆ."

"ಬರೀದಿದ್ರೆ?"

"ನಾವೇ ಬರೀತೀವಿ. ಓದೋರ ಮೂರು ಸಾವಿರ ಇಮೇಲ್ ವಿಳಾಸ ನಮ್ಮ ಹತ್ರಾನೂ ಇದೆಯಲ್ಲ. ಒಪ್ಪಂದ ಓದಿ ನೋಡು, ಚಿಕ್ಕಮ್ಮ ಅರ್ಧ ನಮ್ಮವಳು. ಈ ತಿಂಗಳು ಹದಿನೇಳು, ಸೋಮವಾರ ಕಾಗದ ಹೋಗುತ್ತೆ. ಅಷ್ಟರಲ್ಲಿ ಯೋಚ್ನೆ ಮಾಡು."

ನಾನು ಉಪದೇಶ ಮಾಡಲಿಲ್ಲ. ಕಾಫಿ ಕುಡಿದು ಎದ್ದು ಬಂದೆ. ಬರೆದರೆ ದುಡ್ಡು ಬರುತ್ತದೆ, ಕಷ್ಟಪಟ್ಟು ಹೊರಬಿದ್ದವರು ಮತ್ತೆ ಒಳಗೆ ಬೀಳುತ್ತಾರೆ. ಬರೆಯದಿದ್ದರೂ ಬೀಳುತ್ತಾರೆ, ಇವನಿಗೆ ದುಡ್ಡಿಲ್ಲ ಅಷ್ಟೇ. ಇದನ್ನು ತಿಳಿಯಲು ಅವನಿಗೆ ನನ್ನ ಭಾಷಣ ಬೇಕಿರಲಿಲ್ಲ.

ನಾಲ್ಕು ದಿನ ಕೂತು ಯೋಚಿಸಿದ. ಐದನೇ ದಿನ ಚಿಕ್ಕಮ್ಮನನ್ನು ಕೊಂದ.

ಕಾನೂನು ಜಾಹೀರಾತನ್ನು ತಡೆಯುತ್ತದೆ, ಸಾವಿನ ಚೀಟಿಯನ್ನಲ್ಲ. ಜಾಲತಾಣದ ಮುಖಪುಟಕ್ಕೆ ಕಪ್ಪು ಅಂಚು ಕಟ್ಟಿ, ಅಜ್ಜಿಯ ಫೋಟೊ ಹಾಕಿ, "ನಮ್ಮೆಲ್ಲರ ಪ್ರೀತಿಯ ನೆದಾ ಅಲ್ಪಕಾಲದ ಕಾಯಿಲೆಯಿಂದ ನಮ್ಮನ್ನಗಲಿದರು" ಎಂದು ಬರೆದ. ಮೂರು ಸಾವಿರ ವಿಳಾಸಕ್ಕೂ ಕಳಿಸಿದ. ಸತ್ತವಳ ಹೆಸರಲ್ಲಿ ಕಂಪನಿ ಯಾವ ಕಾಗದ ಬರೆದರೂ ಇನ್ನು ಯಾರು ನಂಬುತ್ತಾರೆ? ಅರ್ಧ ಗಂಟೆಯ ಕೆಲಸ. ಆದರೆ ಹನ್ನೊಂದು ವರ್ಷ ಪಳಗಿದ ಕೈ. ಚೀಟಿ ಅಂದರೆ ಅದಕ್ಕೆ ಕೊನೆಯ ಸಾಲು ಇರಲೇಬೇಕು. ಕೈ ತಾನಾಗಿಯೇ ಹೊಡೆದುಬಿಟ್ಟಿತ್ತು: ಶನಿವಾರ ಹನ್ನೊಂದು ಗಂಟೆಗೆ, ಪೆರ್ನಿಕ್ ಸ್ಮಶಾನದಲ್ಲಿ.

ಶನಿವಾರ ಬೆಳಿಗ್ಗೆ ಎಂಟಕ್ಕೆ ನನ್ನ ಬಾಗಿಲು ಬಡಿದ. ಬನಿಯನ್ನಿನಲ್ಲೇ ಇಳಿದು ಬಂದಿದ್ದ.

"ಅಕ್ಕಾ, ಬರ್ತಿದಾರೆ."

"ಯಾರೋ? ಪೊಲೀಸಾ?"

"ಮಣ್ಣಿಗೆ! ರಾದೊಮಿರ್‌ನಿಂದ ಬಸ್ ಹತ್ತಿದೀವಿ ಅಂತ ಬರ್ದಿದಾರೆ. ಬರ್ಬೇಡಿ ಅಂತ ಹೇಳೋಣ ಅಂದ್ರೆ ಯಾರ ಹೆಸರಲ್ಲಿ ಹೇಳ್ಲಿ? ಅವಳು ಸತ್ತಿದಾಳೆ."

ನಾನು ಅಡುಗೆಮನೆಯ ಗೋಡೆ ಹಿಡಿದುಕೊಂಡು ನಕ್ಕೆ. ಅವನು ನಗಲಿಲ್ಲ. "ಜೊತೆಗೆ ಬಾ ಅಕ್ಕಾ. ಒಬ್ಬನೇ ಹೋದ್ರೆ ನನ್ನನ್ನ ಅಲ್ಲೇ ಹೂತುಬಿಡ್ತಾರೆ."

ಸ್ಮಶಾನದ ಗೇಟಿನ ಬಳಿ ಎಂಟು ಜನ ನಿಂತಿದ್ದರು. ಒಬ್ಬರಿಗೊಬ್ಬರು ಪರಿಚಯವಿಲ್ಲ, ಎಲ್ಲರ ಕೈಯಲ್ಲೂ ಸತ್ತವರಿಗೆ ಒಯ್ಯುವ ಹಾಗೆ ಜೋಡಿ ಲೆಕ್ಕದ ಹೂವು. ಒಳಗೆ ಹನ್ನೊಂದು ಗಂಟೆಗೆ ಯಾರೋ ಗಣಿಯವನ ಮಣ್ಣು ನಡೆಯುತ್ತಿತ್ತು. ನಾಯ್ದೆನ್ ಕೋಟು ಹಾಕಿದ್ದ, ಬೆವರುತ್ತಿದ್ದ.

"ನಾನು ಅವಳ ತಮ್ಮ," ಅಂದ. "ಕೊನೇ ಗಳಿಗೇಲಿ ಊರಿಗೆ ತಗೊಂಡು ಹೋಗ್ಬೇಕಾಯ್ತು. ದೋಲ್ನಾ ವರ್ಬಾದಲ್ಲಿ ನಿನ್ನೇನೇ ಮಣ್ಣಾಯ್ತು. ತಿಳಿಸೋಕಾಗ್ಲಿಲ್ಲ, ಕ್ಷಮಿಸಿ."

ಯಾರೂ ಸಿಟ್ಟಾಗಲಿಲ್ಲ, ಅದೇ ಕಷ್ಟ. ಬೇರೆ ಕಡೆ ಹೂತವರಿಗೆ ಮೇಣದಬತ್ತಿ ಹಚ್ಚುವ ಕಟ್ಟೆಯ ಮೇಲೆ ಹೂವಿಟ್ಟರು. ಲಾರಿ ಓಡಿಸುವ ದಪ್ಪ ಮನುಷ್ಯನೊಬ್ಬ ನೆಲಕ್ಕೆ ವೈನ್ ಸುರಿದು, "ಮುದುಕಿ ನನ್ನ ದುಡ್ಡು ಎಷ್ಟು ಕಳೆಸಿದ್ಲು ಅಂತೀರಿ! ಆದ್ರೆ ಹೆಂಡ್ತಿ ಬಿಟ್ಟು ಹೋದಾಗ ಮೂರು ದಿನ ಬಿಡದೆ ಬರೀತಾ ನಂಜೊತೆ ಇದ್ಲು," ಎಂದು ಮೂಗು ಒರೆಸಿಕೊಂಡ. ನಾಯ್ದೆನ್ ಬೂಟು ನೋಡುತ್ತಿದ್ದ.

ದಫಿನಾ ಎಂಬ ಹೆಂಗಸು, ರಾದೊಮಿರ್ ಅಂಚೆ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದವಳು, ಡಬ್ಬಿಯಲ್ಲಿ ಬೇಯಿಸಿ ಸಕ್ಕರೆ ಹಾಕಿದ ಗೋಧಿ ತಂದಿದ್ದಳು. ಸತ್ತವಳ ಹೆಸರಲ್ಲಿ ಎಲ್ಲರಿಗೂ ಒಂದೊಂದು ಚಮಚ ಕೊಟ್ಟಳು. ತೆಗೆದುಕೊಂಡವರು "ದೇವರು ಕ್ಷಮಿಸಲಿ" ಅನ್ನಬೇಕು, ಅದು ಪದ್ಧತಿ. ನಾಯ್ದೆನ್ ಕೂಡ ಅಂದ. ಆಗ ಅವಳು ಕೇಳಿದಳು:

"ನೀವು ತಮ್ಮ ಅಂದ್ರಲ್ಲ. ಜನವರಿಯಿಂದ ಅವರಿಗೆ ಹುಷಾರಿರ್ಲಿಲ್ವಾ?"

"ಯಾಕೆ?"

"ನನ್ನ ಕಾಗದಕ್ಕೆ ಉತ್ತರಾನೇ ಬರ್ಲಿಲ್ಲ."

"ಹೌದು, ಹುಷಾರಿರ್ಲಿಲ್ಲ," ಅಂದ ನಾಯ್ದೆನ್. ಅವಳು ಅವನ ಫೋನ್ ನಂಬರು ಬರೆದುಕೊಂಡಳು. ಸತ್ತವರನ್ನು ಮತ್ತೆ ಸೇರಿ ನೆನೆಯುವ ನಲವತ್ತನೇ ದಿನಕ್ಕೆ ಬೇಕಾಗುತ್ತದೆ ಅಂದಳು.

ಸೋಮವಾರ ಕಂಪನಿ ಹೇಳಿದಂತೆ ಕಾಗದ ಕಳಿಸಿತು. "ಮಕ್ಕಳೇ, ಚಿಕ್ಕಮ್ಮ ಹೊಸ ಮನೆಗೆ ಬಂದಿದೀನಿ." ಸಂಜೆಯೊಳಗೆ ಕಾಲೊಯಾನ್‌ನ ಫೋನು.

"ತಲೆ ಕೆಟ್ಟಿದೆಯೇನೋ ನಿಂಗೆ? ಚಿಕ್ಕಮ್ಮನ್ನ ಕೊಂದೇಬಿಟ್ಯಾ?"

"ವಯಸ್ಸಾಗಿತ್ತು ಕಣೋ."

ಕೊಂಡಿ ಒತ್ತಿದವರು ಹದಿನಾಲ್ಕೇ ಜನ. ಉಳಿದವರು ಬೈಗಳ ಮಳೆ ಸುರಿಸಿದ್ದರು. ಸತ್ತವಳನ್ನು ಮಾರಿ ತಿನ್ನುವ ನಾಯಿಗಳು, ಹಂದಿಗಳು, ಇನ್ನೂ ಏನೇನೋ. ಬೈದ ಕಾಗದಗಳೆಲ್ಲ ಚಿಕ್ಕಮ್ಮನ ವಿಳಾಸಕ್ಕೇ ಬರುತ್ತಿದ್ದವು. ನಾಯ್ದೆನ್ ಒಂದೊಂದನ್ನೂ ಓದಿದ. ಉತ್ತರ ಬರೆಯಲು ಹೆಸರಿರಲಿಲ್ಲ. ವಾರದೊಳಗೆ ಅವೂ ನಿಂತವು. ಕಂಪನಿ ಬಾಕಿ ಐನೂರನ್ನೂ ಕೊಡಲಿಲ್ಲ. ಜುಲೈಯಲ್ಲಿ ಅವನು ಬಾಟಲಿ ನೀರಿನ ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವ ಕೆಲಸಕ್ಕೆ ಸೇರಿದ. ಅಲ್ಲಿ ಎಲ್ಲರೂ ಕಿವಿಗೆ ಹಾಡು ಸಿಕ್ಕಿಸಿಕೊಂಡೇ ದುಡಿಯುತ್ತಾರೆ. ಇಡೀ ದಿನ ಯಾರ ಹತ್ತಿರವೂ ಒಂದು ಮಾತಿಲ್ಲ ಎಂದ. ಕಾನೂನಿನ ಬಗ್ಗೆ ನನಗೆ ಆಗಲೂ ಪಶ್ಚಾತ್ತಾಪವಾಗಲಿಲ್ಲ, ಈಗಲೂ ಇಲ್ಲ.

ನಲವತ್ತನೇ ದಿನಕ್ಕೆ ದಫಿನಾ ಕರೆದಳು. ಅವನು ಮತ್ತೆ ನನ್ನನ್ನು ಎಳೆದುಕೊಂಡು ಹೋದ. ಬಿಸಿಲಿಗೆ ಡಾಂಬರು ಕರಗುತ್ತಿತ್ತು. ಈ ಸಲ ಅವಳೊಬ್ಬಳೇ ಬಂದಿದ್ದಳು, ಅದೇ ಕಟ್ಟೆಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ಡಬ್ಬಿ. ಮುಚ್ಚಳ ತೆಗೆದಿತ್ತು, ಚಮಚ ಚುಚ್ಚಿತ್ತು, ಕೊಡಲಿಲ್ಲ.

"ದೋಲ್ನಾ ವರ್ಬಾಗೆ ಹೋಗಿದ್ದೆ," ಅಂದಳು. "ಎರಡು ಬಸ್ ಬದಲಾಯಿಸ್ಕೊಂಡು. ಈ ವರ್ಷದ ಗೋರಿ ಅಲ್ಲಿ ಆರಿವೆ. ನೆದಾ ಅನ್ನೋರು ಯಾರೂ ಇಲ್ಲ."

ಅವಳು ನಾಯ್ದೆನ್ ಕಡೆ ತಿರುಗಿದಳು.

"ನೀನೇ ಅಲ್ವಾ ಅವಳು?"

"ಹೌದು."

ನಾನು ಸ್ವಲ್ಪ ದೂರ ಸರಿದೆ. ಆದರೂ ಕೇಳಿಸುತ್ತಿತ್ತು.

"ಹಾಗಾದ್ರೆ ನಿನ್ನನ್ನೇ ಕೇಳ್ತೀನಿ. ರಿಜಿಸ್ಟರಲ್ಲಿ ಹೆಸರು ಬರೆಸಿದೆ, ಇನ್ನು ಆಡಲ್ಲ ಅಂತ ನಾನು ಮೊದ್ಲು ಹೇಳಿದ್ದು ನಿಂಗೆ. ನನ್ನ ಮಗನಿಗೂ ಹೇಳಿರ್ಲಿಲ್ಲ. ಆಮೇಲೆ ಐದು ಕಾಗದ ಬರೆದೆ. ಯಾಕೆ ಒಂದಕ್ಕೂ ಉತ್ತರ ಬರೀಲಿಲ್ಲ?"

ಚೆನ್ನಾಗಿ ಸುಳ್ಳು ಹೇಳಬಲ್ಲವನು. ಒಂಬತ್ತು ವರ್ಷ ಅದನ್ನೇ ಬರೆದು ಉಂಡವನು. ಕಾಯಿಲೆ ಎಂದು ಒಂದು ಸಲ ಹೇಳಿಯೂ ಇದ್ದ.

"ಆಡೋರಿಗೆ ಮೊದ್ಲು ಬರೀತಿದ್ದೆ," ಅಂದ. "ಬೂದು ಆದೋರಿಂದ ಏನೂ ಬರ್ತಿರ್ಲಿಲ್ಲ. ಅದಕ್ಕೆ ನಿಲ್ಲಿಸಿದೆ. ನಿಮ್ಮೊಬ್ಬರಿಗೇ ಅಲ್ಲ, ಎಲ್ರಿಗೂ."

"ಐದನೇ ಕಾಗದ ಓದಿದ್ಯಾ?"

"ಓದಿದ್ದೆ."

"ಓದಿದ್ಯಾ?"

"ಹ್ಞೂಂ."

ಆ ಐದನೇ ಕಾಗದದಲ್ಲಿ ಏನಿತ್ತು ಎಂದು ನನಗೆ ಗೊತ್ತಿಲ್ಲ. ಅವನು ಇವತ್ತಿಗೂ ಹೇಳಿಲ್ಲ, ನಾನೂ ಕೇಳಿಲ್ಲ. ದಫಿನಾ ಗೋಧಿಯ ಡಬ್ಬಿಗೆ ಮುಚ್ಚಳ ಒತ್ತಿದಳು, ಚೀಲಕ್ಕೆ ಹಾಕಿಕೊಂಡಳು, ಸ್ಕರ್ಟಿನ ಧೂಳು ಕೊಡವಿ ಬಸ್ ನಿಲ್ದಾಣದ ಕಡೆ ನಡೆದಳು. ನಾಯ್ದೆನ್ ಅವಳ ಹಿಂದೆ ನಾಲ್ಕು ಹೆಜ್ಜೆ ಹೋಗಿ ನಿಂತ.

ಬಸ್ ಬಂತು. ದಫಿನಾ ಹತ್ತಿದಳು. ನಮಗೂ ಅದೇ ಬಸ್ಸು ಆಗುತ್ತಿತ್ತು. ಬಿಸಿಲಲ್ಲಿ ನಿಲ್ಲಲಾರದೆ ನಾನು ಹತ್ತಿದೆ. "ಬಾರೋ," ಎಂದು ಕರೆದೆ. ಅವನು ಕೈಯಲ್ಲೇ ನೀನು ಹೋಗು ಎಂದ. ಮುಂದಿನ ಬಸ್ಸಿಗೆ ಐವತ್ತು ನಿಮಿಷ ಇತ್ತು.