ನಾನು ಪರೀಕ್ಷಿಸದೆ ಬಿಟ್ಟ ರಕ್ತ

ಎಂಬತ್ತರ ದಶಕದಲ್ಲಿ ಆಳಂದದ ಒಂದು ಸಣ್ಣ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ ನನ್ನದು. ಗೊತ್ತಿದ್ದದ್ದು ನಾಲ್ಕೇ ಗುಂಪು. ಗತ್ತು ಮಾತ್ರ ದೊಡ್ಡ ಡಾಕ್ಟರದು.

ಒಂದು ಮಧ್ಯಾಹ್ನ ಕಡಗಂಚಿ ಕಡೆಯಿಂದ ಗರ್ಭಪಾತವಾದ ಹೆಂಗಸೊಬ್ಬಳನ್ನು ಜೀಪಿನಲ್ಲಿ ತಂದರು. ರಕ್ತ ನಿಲ್ಲುತ್ತಿರಲಿಲ್ಲ. ಪರೀಕ್ಷಿಸಿದೆ, ಓ ಗುಂಪು. ಊರಿನ ಮಂದಿ ಜೊತೆಗೇ ಬಂದಿದ್ದರು. ಎಲ್ಲರಿಗಿಂತ ಮೊದಲು ಅಂಗಿಯ ತೋಳು ಮಡಚಿದವನು ಗಂಡ. ಅವಳಿಗೆ ಅವನು ಸೋದರಮಾವನೂ ಹೌದು; ನಮ್ಮ ಕಡೆ ಅಕ್ಕನ ಮಗಳನ್ನು ತಂದುಕೊಳ್ಳುವುದು ಹೊಸದಲ್ಲ. ಅವನ ತಾಯಿ ಅಡ್ಡ ಬಂದಳು.

“ಗಂಡನ ರಕ್ತ ಹೆಂಡ್ತಿಗಿ ಹಾಕಬಾರದ್ರಿ. ಒಡಹುಟ್ಟಿದವರಂಗ ಆಗ್ತಾರ.”

ವಾದಕ್ಕೆ ನಿಲ್ಲುವ ತಾಳ್ಮೆ ನನಗಿರಲಿಲ್ಲ. “ನೀವ್ ಬ್ಯಾಡ್ ಬಿಡ್ರಿ. ಮಂದಿ ಭಾಳ ಅದಾರ,” ಎಂದು ಅವನಿಗೆ ಹೇಳಿಬಿಟ್ಟೆ.

ಓ ಗುಂಪಿನವರು ಆರು ಜನ ಸಿಕ್ಕರು. ಯಾರ ರಕ್ತವನ್ನು ಅವಳ ರಕ್ತದ ತಿಳಿಗೆ ಬೆರೆಸಿದರೂ ಒಡೆದ ಹಾಲಿನಂತೆ ಹರಳುಗಟ್ಟಿತು; ಅಂಥ ರಕ್ತ ಹಾಕುವಂತಿಲ್ಲ. ಟ್ಯೂಬಿನಲ್ಲಿ ಸಾಬೂನು ಉಳಿದಿದೆಯೆಂದು ಆಯಾಳ ಮೇಲೆ ರೇಗಿ ಮತ್ತೆ ತೊಳೆಸಿದೆ. ನನ್ನದೇ ರಕ್ತ ಹಾಕಿ ನೋಡಿದೆ, ಅದೂ ಹಾಗೇ. ಗಂಡ ಬಾಗಿಲಲ್ಲೇ ನಿಂತಿದ್ದ. ಅವನನ್ನು ಕರೆಯಬೇಕೆಂದು ಹೊಳೆಯಲೇ ಇಲ್ಲ. ಗುಲ್ಬರ್ಗಾಕ್ಕೆ ಸಾಗಿಸುವ ತಯಾರಿಯಲ್ಲಿದ್ದಾಗಲೇ ಅವಳು ಹೋಗಿಬಿಟ್ಟಳು.

ಅವಳ ರಕ್ತದ ಸ್ವಲ್ಪ ಭಾಗವನ್ನು ಡಾಕ್ಟರು ಮುಂಬೈಗೆ ಕಳಿಸಿದರು. ಕೆಲವು ವಾರಗಳ ಮೇಲೆ ಉತ್ತರ ಬಂತು. ಅದು ಓ ಅಲ್ಲ, ಓ ಥರ ಕಾಣುವ ಬಾಂಬೆ ಗುಂಪು. ಹೆಚ್ಚುಕಡಿಮೆ ಎಲ್ಲರ ರಕ್ತದಲ್ಲೂ ಇರುವ ಒಂದು ಅಂಶ ಅದರಲ್ಲಿಲ್ಲ, ಹಾಗಾಗಿ ಬೇರೆ ಯಾವ ಗುಂಪನ್ನೂ ಅದು ಒಪ್ಪುವುದಿಲ್ಲ. ರಕ್ತಸಂಬಂಧಿಗಳಲ್ಲಿ ಇನ್ನೊಬ್ಬರು ಇದ್ದಾರು, ಹುಡುಕಿ ಎಂದು ಬರೆದಿದ್ದರು. ಅಟ್ಟ ಮೇಲೆ ಒಲೆ ಉರಿಯಿತು.

ಅವರ ಊರಿಗೆ ಹೋಗಿ ಮನೆಯವರ ರಕ್ತ ತಂದೆ. ಫ್ರಿಜ್ಜಿನಲ್ಲಿಟ್ಟಿದ್ದ ಅವಳ ರಕ್ತದ ತಿಳಿಗೆ ಬೆರೆಸಿದೆ. ಅವಳ ತಾಯಿಯದು ಹರಳುಗಟ್ಟಿತು, ಅಣ್ಣನದೂ. ಗಂಡನದು ಮಾತ್ರ ಹೊಂದಿಕೊಂಡಿತು.

ಹೊಂದಲಿಲ್ಲ ಎಂದು ಸುಳ್ಳು ಹೇಳೋಣವೆಂದೇ ಮತ್ತೆ ಆ ಊರಿನ ಬಸ್ಸು ಹತ್ತಿದ್ದೆ. ಆದರೆ ಹೇಳದಿದ್ದರೆ, ನಾಳೆ ನನ್ನಂಥವನೇ ಯಾರಾದರೂ ಅವನಿಗೆ ಓ ರಕ್ತ ಹಾಕಿ ಕೊಂದುಬಿಡಬಹುದು. ಗುಂಪಿನ ಚೀಟಿ ಅವನ ಕೈಗಿಟ್ಟು, ನಿಮ್ಮದೂ ಆಕೆಯ ಗುಂಪೇ, ಇದನ್ನು ಸದಾ ಕಿಸೆಯಲ್ಲಿ ಇಟ್ಟುಕೊಳ್ಳಿ ಎಂದೆ.

ಚೀಟಿಯನ್ನೇ ನೋಡುತ್ತ ಕೇಳಿದ: “ಅವತ್ತ ನಂದು ಆಕಿಗಿ ನಡೀತಿತ್ತೇನ್ರಿ?”

“ನಡೀತಿತ್ರಿ.”

ಅವನ ತಾಯಿ ಅಲ್ಲೇ ಕೂತು ಜೋಳ ಹಸನು ಮಾಡುತ್ತಿದ್ದಳು. ಅವಳನ್ನು ಬೈಯುತ್ತಾನೆ ಅಂದುಕೊಂಡೆ, ನಿಜ ಹೇಳಬೇಕೆಂದರೆ ಬೈಯಲಿ ಎಂದು ಆಸೆಪಟ್ಟೆ. ಅವನು ಅತ್ತ ನೋಡಲಿಲ್ಲ.

“ಅವ್ವಗ ಓದು ಬರಹ ಇಲ್ರಿ,” ಎಂದ. “ನೀವು ಕಲ್ತವ್ರು ಇದ್ರಿ.”