ಬೆಂಕಿ ಸಾಕಿದವರು

ಕೊಡಿಗೇನಹಳ್ಳಿಗೆ ರೈಲಿರಲಿಲ್ಲ. ಆ ಕೊರತೆಯನ್ನು ರೈಲ್ವೆಯಲ್ಲಿ ಫೈರ್‌ಮನ್ ಆಗಿ ನಿವೃತ್ತರಾಗಿದ್ದ ನಮ್ಮ ಪಕ್ಕದ ಮನೆಯವರು ಬಾಯಿಂದಲೇ ತುಂಬುತ್ತಿದ್ದರು. ಬೆಳಿಗ್ಗೆ ಜಗಲಿಯ ಮೇಲೆ ಕೂತರೆಂದರೆ ತಾವು ಕಲ್ಲಿದ್ದಲು ಎರಚಿ ಓಡಿಸಿದ ಉಗಿ ಇಂಜಿನ್ನಿನ ಗುಣಗಾನ ಶುರು. ಸಲಿಕೆ ಹಿಡಿದವರಂತೆ ಎರಡೂ ಕೈ ಬೀಸಿ, ಕೊನೆಗೆ ಅದೇ ಮಾತು: "ಬೆಂಕಿ ಸಾಕೋದು ಎಲ್ಲಾರ್ಗೂ ಬರಾಕಿಲ್ಲ!"

ಒಳಗೆ ಅವರ ಹೆಂಡತಿ ಹಸಿ ಸೌದೆಗೆ ಊದುಗೊಳವೆ ಹಿಡಿದು ಕೆಮ್ಮುತ್ತಿದ್ದರು. "ಕಾಫಿ ಇನ್ನೂ ಆಗ್ಲಿಲ್ವೇನೇ?" ಎಂದು ಇವರು ಕೂಗುತ್ತಿದ್ದರು.

ಆ ಇಂಜಿನ್ನಿಗೆ ವಯಸ್ಸಾದ ಮೇಲೆ ಬಣ್ಣ ಬಳಿದು, ಹಿಂದೂಪುರದ ಸ್ಟೇಷನ್ ಬಳಿ ನೆನಪಿಗೆಂದು ನಿಲ್ಲಿಸಿದರು. ಒಂದು ಭಾನುವಾರ ಇವರು ಹೆಂಡತಿಯನ್ನೂ ನನ್ನನ್ನೂ ಬಸ್ಸಿನಲ್ಲಿ ದರ್ಶನಕ್ಕೆ ಕರೆದೊಯ್ದರು. ಚಪ್ಪಲಿ ಬಿಟ್ಟು ಹತ್ತಬೇಕೆಂದು ನಮಗೆ ಅಪ್ಪಣೆಯಾಯಿತು. ಆಕೆ ಬಗ್ಗಿ ಇಂಜಿನ್ನಿನ ಒಲೆಯೊಳಗೆ ನೋಡಿದರು.

"ಇಷ್ಟು ದೊಡ್ಡ ಒಲೆಗೆ ಬೆಂಕಿ ಹಾಕ್ತಿದ್ದೋರು ಯಾರು?"

"ನಾನೇ!"

"ಬೂದಿ ತೆಗೀತಿದ್ದೋರು?"

"ಅದೂ ನಾನೇ ಕಣೇ. ಇನ್ನೊಬ್ರನ್ನ ಮುಟ್ಟಾಕೂ ಬುಡ್ತಿರ್ಲಿಲ್ಲ!" ಎಂದು ಎದೆಯುಬ್ಬಿಸಿದರು.

ಆಕೆ ತಲೆಯಾಡಿಸಿ, ಕೆಳಗಿಳಿದು ಚಪ್ಪಲಿ ಮೆಟ್ಟಿಕೊಂಡರು.

ಮರುದಿನ ಬೆಳಿಗ್ಗೆ ಅವರ ಅಡುಗೆಮನೆಯಿಂದ ಗಂಡಸಿನ ಕೆಮ್ಮು ಕೇಳಿಸಿತು. ಜಗಲಿಯ ಮೇಲೆ ಆಕೆ ಕಾಲು ಚಾಚಿ ಕೂತಿದ್ದರು. ನನ್ನನ್ನು ಕಂಡು, "ಬೆಂಕಿ ಸಾಕೋದು ಎಲ್ಲಾರ್ಗೂ ಬರಾಕಿಲ್ವಂತೆ. ಅದ್ಕೇ ನಾನು ಮುಟ್ಟಾಕೋಗ್ಲಿಲ್ಲ ಕಣಮ್ಮ," ಎಂದರು. ಆಮೇಲೆ ಒಳಕ್ಕೆ ತಿರುಗಿ ಕೂಗಿದರು:

"ಕಾಫಿ ಇನ್ನೂ ಆಗ್ಲಿಲ್ವೇನ್ರೀ?"