ಮಾಲಿ ಅಳತಿ

ನಮ್ಮ ಅಪ್ಪಗ ಲಕ್ವಾ ಹೊಡದು ಬಲಗೈ ಹೋತು. ನಾಲಿಗಿಗೆ ಮಾತ್ರ ಏನೂ ಆಗಲಿಲ್ಲ. ಕೈ ತಗೊಂಡು ನಾಲಿಗಿ ಬಿಟ್ಟ ದೇವರ ಮ್ಯಾಲ ನನಗ ಇನ್ನೂ ಸಿಟ್ಟೈತಿ.

ಅಣ್ಣಿಗೇರಿ ಬಸ್‌ಸ್ಟ್ಯಾಂಡ್ ಬಾಜೂಕ ನಮ್ಮದು ಫೋಟೋಕ್ಕ ಫ್ರೇಮ್ ಹಾಕೂ ಅಂಗಡಿ. ಫೋಟೋ ಸುತ್ತ, ಗ್ಲಾಸಿನ ಕೆಳಗ, ದಪ್ಪ ರಟ್ಟಿನ ಅಂಚು ಇರ್ತೈತಲ್ಲ, ಅದಕ್ಕ ನಾವು ಮೌಂಟ್ ಅಂತೀವಿ. ಒಂದು ರಟ್ಟು ತಗೊಂಡು ನಡುವ ಕಿಟಕಿಯಂಗ ಕತ್ತರಿಸಬೇಕು, ಬ್ಲೇಡ್ ಓರಿ ಹಿಡದು. ಬ್ಲೇಡ್ ಮೂಲಿ ದಾಟಿ ಕೂದಲೆಳಿಯಷ್ಟು ಮುಂದ ಹೋತಂದ್ರ ರಟ್ಟು ಕೆಟ್ಟಂಗ. ಅಪ್ಪ ಜೀವಮಾನ ಪೂರ್ತಿ ಬರೇ ಒಂದು ಸ್ಟೀಲ್ ಪಟ್ಟಿ, ಒಂದು ಬ್ಲೇಡ್ ಇಟ್ಕೊಂಡು ಕತ್ತರಿಸಿದ. ಮೂಲಿ ದಾಟಿದ್ದು ನಾ ನೋಡಿಲ್ಲ. ನಂದು ದಾಟತಿತ್ತು. ದಾಟಿದಾಗೊಮ್ಮೆ ಅದ ಸ್ಟೀಲ್ ಪಟ್ಟಿ ನನ್ನ ಬೆರಳಗಂಟಿನ ಮ್ಯಾಲ ಬೀಳ್ತಿತ್ತು. ಗಂಡನ್ನ ಬಿಟ್ಟು ತವರಿಗೆ ಬಂದ ಮ್ಯಾಲೂ ಬಿತ್ತು, ಆಗ ನಾ ಸಣ್ಣಾಕಿ ಏನ್ ಅಲ್ಲ.

ಕೈ ಹೋದ ಮ್ಯಾಲ ಅಪ್ಪ ಅಂಗಡ್ಯಾಗ ಕುರ್ಚಿ ಹಾಕ್ಕೊಂಡು ಕುಂತ. ಬಂದ ಗಿರಾಕಿಗೆಲ್ಲಾ ಒಂದ ಮಾತು. "ಇಕಿ ಕೈ ಇನ್ನೂ ಕೆಲಸಕ್ಕ ಕುಂತಿಲ್ರಿ. ಗಂಡನ ಮನ್ಯಾಗೂ ಮೂಲಿ ದಾಟಿ ಬಂದಾಕಿ." ಗಿರಾಕಿ ನಗೂದು, ನಾ ತಲಿ ತಗ್ಗಿಸಿ ರಟ್ಟು ನೋಡೂದು. ಅಣ್ಣನೂ ನಗ್ತಿದ್ದ. ಅವಗ ಅಂಗಡಿ ಬೇಕಾಗಿತ್ತು, ಮೊಬೈಲ್ ರಿಪೇರಿ ಮಾಡಾಕ. ಬೋರ್ಡ್ ಸುದ್ದಾ ಬರಸಿ ಮನ್ಯಾಗ ಇಟ್ಟಿದ್ದ. ನನಗ ಆ ಅಂಗಡಿ ಬಿಟ್ರ ಊರಾಗ ನಿಂದ್ರಾಕ ಇನ್ನೊಂದು ಜಾಗಾ ಇರಲಿಲ್ಲ.

ಒಂದಿನ ಅಪ್ಪ ನಮ್ಮಿಬ್ಬರನ್ನೂ ಮುಂದ ನಿಂದರಿಸಿ ನನಗ ಅಂದ, "ರಟ್ಟು ಕತ್ತರಿಸೂ ಮಷೀನ್ ತರ್ತೀನಿ ಅಂತ ಕುಣಿಯಾಕತ್ತೀಯಲ್ಲ, ತಾ. ನನ್ನ ಫೋಟೋಕ್ಕ ಮೌಂಟ್ ಕತ್ತರಸು. ನಾಕೂ ಮೂಲಿ ನಾ ನೋಡ್ತೇನಿ. ಒಂದು ದಾಟಿದ್ರೂ ಅಂಗಡಿ ಕೀಲಿ ನಿಮ್ಮಣ್ಣಗ."

ಹುಬ್ಬಳ್ಳಿಗೆ ಹೋದೆ. ಅಣ್ಣನೂ ಬೆನ್ನ ಹತ್ತಿದ. ಅಲ್ಲಿ ಮಷೀನ್ ಅಂಗಡ್ಯಾವ ಮೂರು ನಮೂನಿ ಕಟರ್ ತಗದಿಟ್ಟು ಎಲ್ಲಾ ಅಣ್ಣಗ ಹೇಳಾಕತ್ತ, ಕತ್ತರಿಸಾಕಿ ನಾನು. ಮೊದಲನೇದು ಮುಷ್ಟ್ಯಾಗ ಹಿಡಿಯೂದು. ಹಗುರ, ಬ್ಲೇಡ್ ಓರಿ ಕುಂತೈತಿ ಖರೆ, ಆದ್ರ ದೂಡಾವರ ಕೈ ಅಳ್ಳಾಡಿದ್ರ ಅದೂ ಅಳ್ಳಾಡ್ತೈತಿ. ನನ್ನ ಕೈಯಾಗಿನ ಅಂಜಿಕಿ ಅದಕ್ಕ ಸೀದಾ ಇಳೀತಿತ್ತು. ಎರಡನೇದು ಗ್ವಾಡಿಗೆ ನಿಂದರಿಸೂದು, ಗ್ಲಾಸೂ ಕತ್ತರಿಸ್ತೈತಿ, ನಮ್ಮ ಅಂಗಡ್ಯಾಗ ಅದನ್ನ ಇಟ್ರ ಗಿರಾಕಿ ಹೊರಗ ನಿಂದರಬೇಕು. ಮೂರನೇದು ಹಲಗಿ ಮ್ಯಾಲಿಂದು. ರಟ್ಟು ಒತ್ತಿ ಹಿಡಿಯಾಕ ಉದ್ದನ್ನ ಕಬ್ಬಿಣದ ಪಟ್ಟಿ, ಅದರ ಮ್ಯಾಲ ಜಾರೂ ಬ್ಲೇಡ್, ಮೂಲಿ ಬಂದ ಕೂಡಲೇ ತಡಿಯಾಕ ಒಂದು ತಿರುಪಿನ ಗುಬಟ.

"ನಮ್ಮ ರಟ್ಟು ಹಾಕಿ ನೋಡ್ರೀ ಅಕ್ಕಾರ," ಅಂದ ಅಂಗಡ್ಯಾವ. ನಾ ಚೀಲದಾಗಿಂದ ನಂದ ರಟ್ಟು ತಗದೆ. ಅವರದು ಹೊಸಾದು, ಎಂಥಾ ಮಷೀನೂ ಅದನ್ನ ಚಂದ ಕತ್ತರಿಸ್ತೈತಿ. ನಮ್ಮದು ಅಣ್ಣಿಗೇರಿ ಧೂಳಾಗ, ಥಂಡ್ಯಾಗ ಬಿದ್ದಿದ್ದು, ನಡುವ ಉಬ್ಬಿರ್ತೈತಿ. ಪಟ್ಟಿ ನಡುವಿನ ಉಬ್ಬನ್ನ ಒತ್ತತೈತೋ ಇಲ್ಲೋ ಅಂತ ನೋಡಿದೆ. ಎರಡನೇ ಸರ್ತಿ ದೂಡಿದ್ರ ಬ್ಲೇಡ್ ಅದ ಗೀರಿನಾಗ ಹೋಗತೈತೋ ಇಲ್ಲೋ ಅಂತ ನೋಡಿದೆ. ಗುಬಟ ಬಿಗಿ ಮಾಡಿ ದೂಡಿ ನೋಡಿದೆ, ಸರೀಲಿಲ್ಲ. ಬ್ಲೇಡ್ ನಮ್ಮ ಕಡೆ ಸಿಗತಾವೇನು ಅಂತ ಕೇಳಿದೆ. ಅಣ್ಣ ಮೊಬೈಲ್ ತೋರಿಸಿ, "ಇದರಾಗ ಇದಕಿಂತ ಸಸ್ತಾದು ಅದಾವು," ಅಂದ.

"ಸಸ್ತಾದು ನೀ ತಗೋ," ಅಂದೆ. ರೊಕ್ಕಾ ಕೊಟ್ಟು ಹಲಗೀದು ಕಟ್ಟಿಸ್ಕೊಂಡೆ.

ಮನಿಗೆ ತಂದು ಹಳೇ ರಟ್ಟಿನ ಮ್ಯಾಲ ಕೈ ತಿದ್ದಿದೆ. ಮಷೀನ್ ಬಂದ್ರೂ ಬ್ಲೇಡ್ ಎಲ್ಲಿ ಇಳಸಬೇಕು ಅನ್ನೂದು ಕೈಗೇ ಗೊತ್ತಾಗಬೇಕು. ಒಂದಿಷ್ಟು ರಟ್ಟು ಕೆಡಿಸಿದೆ, ಆಮ್ಯಾಲ ಕೆಡಲಿಲ್ಲ.

ಇಲ್ಲಿ ನಮ್ಮ ಅಂಗಡಿ ಒಂದು ಮಾತು ಹೇಳಬೇಕು. ಫೋಟೋ ತಂದವರಿಗೆ "ಇವರು ಸತ್ತಾರೇನ್ರಿ?" ಅಂತ ಕೇಳಾಕ ಆಗಂಗಿಲ್ಲ. ಅದಕ್ಕ ನಾವು "ಸಾದಾ ಅಳತಿನೋ, ಮಾಲಿ ಅಳತಿನೋ?" ಅಂತ ಕೇಳ್ತೀವಿ. ಸಾದಾ ಅಂದ್ರ ಇದ್ದವರದು, ನಾಕೂ ಕಡೆ ಅಂಚು ಸಮ. ಮಾಲಿ ಅಂದ್ರ ಹೋದವರದು, ಮಾಲಿ ಹಾಕಸ್ಕೊಳ್ಳೋವರದು. ಅದಕ್ಕ ಕೆಳಗಿನ ಅಂಚು ಅಗಲ ಬಿಡಬೇಕು, ಹೆಸರು ಬರಿಯಾಕ, ಲಿಂಗೈಕ್ಯ ಆದ ತಾರೀಖು ಬರಿಯಾಕ. ಗಿರಾಕಿ ಹೇಳದಿದ್ರ ಕೇಳು, ಕೇಳದ ಬ್ಲೇಡ್ ಮುಟ್ಟಬ್ಯಾಡ. ಅಪ್ಪ ಇದನ್ನೂ ಆ ಸ್ಟೀಲ್ ಪಟ್ಟೀಲೇ ಕಲಿಸಿದ್ದ.

ಕತ್ತರಿಸಿ ತೋರಸೂ ದಿನ ಅಪ್ಪ ತನ್ನ ಫೋಟೋ ಕೊಟ್ಟ. ಕೈ ಇದ್ದಾಗ ತಗಿಸಿದ್ದು, ಮೀಸಿ ತಿರುವಿದ್ದು. ಅಳತಿ ಯಾವುದು ಅಂತ ಹೇಳಲಿಲ್ಲ. ನಾ ಕೇಳಲಿಲ್ಲ.

ಅವನ ಮುಂದ ಕತ್ತರಿಸಿದೆ. ಕೈ ಅಳ್ಳಾಡಲಿಲ್ಲ. ಅಪ್ಪ ಎಡಗೈ ಹೆಬ್ಬೆರಳಿನ ಉಗುರಿಲೆ ನಾಕೂ ಮೂಲಿ ತಡವಿದ. ಬೆಳಕಿಗೆ ಹಿಡದ. ಅಣ್ಣನೂ ಬಗ್ಗಿ ನೋಡಿದ. ಎಲ್ಲಿಯೂ ದಾಟಿರಲಿಲ್ಲ. ಫೋಟೋ ಹಿಂದ ಇಟ್ಟು ನೆಟ್ಟಗ ನಿಂದರಿಸಿದ ಮ್ಯಾಲ ಅಪ್ಪನ ಕಣ್ಣು ಕೆಳಗ ಇಳೀತು.

"ಕೆಳಗ ಹೆಚ್ಚಾಗೈತಿ," ಅಂದ.

"ಮಾಲಿ ಅಳತಿ," ಅಂದೆ. "ನೀ ಹೇಳಲಿಲ್ಲಲ್ಲ."

ಅಣ್ಣ, "ಏನ್ ಬೇ ಇದು? ಬುದ್ಧಿ ಐತೇನು?" ಅಂದ. ಅಪ್ಪನ ಮಾರಿ ಸಣ್ಣದಾತು. ನನಗ ಖುಷಿ ಆತು. ಸುಳ್ಳು ಯಾಕ ಹೇಳ್ಲಿ, ಹೊಟ್ಟಿ ತಣ್ಣಗಾತು. ಬೆರಳಗಂಟು ಸುದ್ದಾ ನೋಯೂದು ಬಿಟ್ಟಂಗ ಆತು.

ಅಪ್ಪ ಎಡಗೈಲೆ ಕಿಸೆ ತಡಕಾಡಿ ಕೀಲಿ ತಗದು ಹಲಗಿ ಮ್ಯಾಲ ಒಗದ. "ಅಳತಿ ಸರಿ ಐತಿ," ಅಂದ. ಜೀವಮಾನದಾಗ ಅವ ನನ್ನ ಕೆಲಸಕ್ಕ ಸರಿ ಅಂದದ್ದು ಅದೊಂದ ಸಲ. ಆಮ್ಯಾಲ, "ಗ್ಲಾಸ್ ಹಾಕಿ ನನ್ನ ತಲಿ ಮ್ಯಾಲ ತೂಗ ಹಾಕು. ಬಂದವರು ನೋಡ್ಲಿ, ಮಗಳ ಕೈ," ಅಂದ. ನಾ ಬ್ಯಾಡ ಅಂತೀನಿ ಅಂತ ದಾರಿ ಕಾಯ್ತಿದ್ದ. ನಾ ಮೊಳಿ ಹೊಡದು ತೂಗ ಹಾಕಿದೆ.

ಈಗೂ ಅಲ್ಲೇ ಐತಿ, ಕೆಳಗಿನ ಅಂಚು ಖಾಲಿ. ಅದರ ಬುಡಕ ಅಪ್ಪ ಕುರ್ಚಿ ಹಾಕ್ಕೊಂಡು ಕುಂದರ್ತಾನ. ಮೊನ್ನೆ ಒಬ್ಬಾಕಿ ವಯಸ್ಸಾದ ಹೆಣ್ಮಗಳು ಗಂಡನ ಫೋಟೋ ಹಿಡಕೊಂಡು ಬಂದಳು. ಮ್ಯಾಲ ನೋಡಿದಳು, ಕುರ್ಚಿ ಕಡೆ ನೋಡಲಿಲ್ಲ. ಕೈ ಮುಗದು, "ನಿಮ್ಮಪ್ಪಾರು ಯಾವಾಗ ಹೋದ್ರವ್ವಾ?" ಅಂತ ಕೇಳಿದಳು.

ನಾ ಬಾಯಿ ತಗಿಯೂದರಾಗ ಕುರ್ಚಿಯಿಂದ ಅಪ್ಪ ಅಂದ, "ಇಕಿ ಕೈ ಕುಂತ ದಿವಸ."

ಆ ಹೆಣ್ಮಗಳು ಗಾಬರಿಯಾಗಿ ಅವನ ಮಾರಿ ನೋಡಾಕತ್ತಳು. ನಾ ಅಕಿ ಕೈಯಾಗಿನ ಫೋಟೋ ಇಸಗೊಂಡು, "ಸಾದಾ ಅಳತಿನೋ, ಮಾಲಿ ಅಳತಿನೋ?" ಅಂತ ಕೇಳಿದೆ.